ಬೆನ್ನಿಗೆ ಹೇಳಿದ ಮಾತು

ಮಗ್ಗದ ಮಿಲ್ಲಿನಲ್ಲಿ ದುಡಿದ ಹೆಂಗಸರನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದು. ಮಾತಾಡುವಾಗ ಅವರು ತುಟಿ ಅಗಲಿಸಿ ಒಂದೊಂದು ಅಕ್ಷರವನ್ನೂ ಹಲ್ಲಿನ ಮೇಲೆ ಇಟ್ಟು ತೋರಿಸುತ್ತಾರೆ. ಕೇಳುವಾಗ ನಿಮ್ಮ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಗಂಟಲಿಗೆ ಏನು ಕೆಲಸ? ದನಿಯೇ ಹೊರಡಿಸದೆ ಬರೀ ತುಟಿಯಲ್ಲಿ ಅಲ್ಲಿ ಜಗಳ ಆಡಿದ್ದಾರೆ, ಮದುವೆ ಕುದುರಿಸಿದ್ದಾರೆ, ಮೇಸ್ತ್ರಿಯ ಬೋಳುತಲೆಯ ಮೇಲೆ ಅವನ ಬೆನ್ನ ಹಿಂದೆಯೇ ನಿಂತು ಜೋಕು ಕಟ್ಟಿ ನಕ್ಕಿದ್ದಾರೆ.

ಒಂದು ಕೆಲಸಕ್ಕೆ ಮಾತ್ರ ತುಟಿ ಸಾಲುತ್ತಿರಲಿಲ್ಲ. ಮಗ್ಗದಿಂದ ಒಮ್ಮೊಮ್ಮೆ ಲಾಳಿ ಹಾರುತ್ತಿತ್ತು. ಅತ್ತಿಂದಿತ್ತ ನೂಲು ಒಯ್ಯುವ ಮರದ ಲಾಳಿ, ಎರಡು ತುದಿಗೂ ಕಬ್ಬಿಣದ ಮೂತಿ. ಅದು ದಾರಿ ತಪ್ಪಿ ಹಾರಿತೆಂದರೆ ಯಾರ ತಲೆ, ಯಾರ ಬೆನ್ನು ಎಂದು ನೋಡುವುದಿಲ್ಲ. ಆಗ ಕಂಡವರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಬೇಕು. ಅಷ್ಟು ಗದ್ದಲವನ್ನು ಸೀಳಿಕೊಂಡು ಹೋಗುವುದು ಸಿಳ್ಳೆಯೊಂದೇ. ಕೇಳಿಸಿಕೊಂಡವರು ಯಾಕೆ, ಏನು ಎನ್ನದೆ ಎಡಕ್ಕೆ ಸರಿಯಬೇಕು. ಹೊಸದಾಗಿ ಸೇರಿದವರಿಗೆ ಹರಿದ ಎಳೆಗೆ ಗಂಟು ಹಾಕುವುದಕ್ಕಿಂತ ಮೊದಲು ಕಲಿಸುತ್ತಿದ್ದುದು ಇದನ್ನು.

ಅಕ್ಕನ ಕಿವಿ ಯಾವಾಗ ಹೋಯಿತೆಂದು ಅವಳಿಗೇ ಗೊತ್ತಿಲ್ಲ. ಅವಳನ್ನು ಮಿಲ್ಲಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಒಡಹುಟ್ಟಿದ ತಂಗಿ ಪಕ್ಕದ ಮಗ್ಗಗಳ ನಡುವೆ ನಿಂತು ದಿನವಿಡೀ ಅಕ್ಕಾ ಅಕ್ಕಾ ಎಂದು ತುಟಿ ಆಡಿಸುತ್ತಿದ್ದಳಲ್ಲ, ಅದನ್ನು ನೋಡಿ ನೋಡಿ ಅವಳಿಗಿಂತ ದೊಡ್ಡವನಾದ ಮೇಸ್ತ್ರಿಯೂ ಹಾಗೇ ಕರೆಯತೊಡಗಿದ. ಮಗ್ಗ ಕಿವಿಯನ್ನು ಒಮ್ಮೆಗೇ ಕಿತ್ತುಕೊಳ್ಳುವುದಿಲ್ಲ. ಇಲಿ ಕಾಳಿನ ಮೂಟೆಯನ್ನು ಮೂಲೆಯಿಂದ ತಿನ್ನುವ ಹಾಗೆ ತಿನ್ನುತ್ತದೆ. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಕುದಿಯುವ ನೀರಿನ ಸದ್ದು. ಹೋದದ್ದು ಕಾಣುವ ವಸ್ತುವೇ ಹುಡುಕಲಿಕ್ಕೆ? ಮೂಟೆ ಎತ್ತಿದಾಗಲೇ ಹಗುರ ಗೊತ್ತಾಗುವುದು.

ಗೊತ್ತಾದಾಗ ಅವಳು ಮುಚ್ಚಿಟ್ಟಳು. ಕಿವಿ ಹೋದವರನ್ನು ಮಗ್ಗದಿಂದ ತೆಗೆದು ಕಸ ಗುಡಿಸಲು ಹಾಕುತ್ತಿದ್ದರು. ಅಂಥವರಿಗೆ ಮಿಲ್ಲಿನಲ್ಲಿ "ಕಲ್ಲು" ಎಂದು ಹೆಸರು. ಪೊರಕೆ ಹಿಡಿದು ಬರುವ ಕಲ್ಲನ್ನು ಕಂಡು ಅಕ್ಕನೂ ನಕ್ಕವಳೇ.

ಒಂದು ದಿನ ಎದುರು ಸಾಲಿನಿಂದ ಲಾಳಿ ಹಾರಿತು. ಹಿಂದೆ ನಿಂತಿದ್ದ ತಂಗಿ ಸಿಳ್ಳೆ ಹಾಕಿದಳು. ಸಾಲಿನವರೆಲ್ಲ ಎಡಕ್ಕೆ ಸರಿದರು. ಅಕ್ಕ ಬಗ್ಗಿ ಎಳೆಗೆ ಗಂಟು ಹಾಕುತ್ತಲೇ ಇದ್ದಳು. ತಂಗಿ ಮತ್ತೆ ಹಾಕಿದಳು. ಲಾಳಿ ಅಕ್ಕನ ಹೆಗಲು ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಗಾರೆ ಉದುರಿತು. ಅಕ್ಕ ತಿರುಗಿ ನೋಡಿದಾಗ ತಂಗಿಯ ಬೆರಳುಗಳು ಇನ್ನೂ ಬಾಯಲ್ಲಿದ್ದವು, ಮುಖದಲ್ಲಿ ರಕ್ತವೇ ಇರಲಿಲ್ಲ.

ಮಾರನೆಯ ದಿನ ತಂಗಿ ಮೇಸ್ತ್ರಿಯ ಹತ್ತಿರ ಹೋಗಿ ಹೇಳಿದಳು, ನಮ್ಮ ಅಕ್ಕನಿಗೆ ಸಿಳ್ಳೆ ಕೇಳುವುದಿಲ್ಲ, ಮಗ್ಗದ ಹತ್ತಿರ ನಿಲ್ಲಿಸಬೇಡಿ ಎಂದು.

ಅಕ್ಕನ ಕೈಗೆ ಪೊರಕೆ ಬಂತು. ಅವಳ ಮಗ್ಗಗಳು ಯಾರಿಗೆ ಹೋದವು? ಪಕ್ಕದಲ್ಲಿದ್ದವಳು ಎಂದು ಮೇಸ್ತ್ರಿ ತಂಗಿಗೇ ವಹಿಸಿದ. ಅಕ್ಕನಿಗೆ ಅಷ್ಟು ಸಾಕಾಯಿತು. "ನನ್ನ ಕಿವಿಗೆ ಏನೂ ಆಗಿಲ್ಲ. ಅವಳಿಗೆ ನನ್ನ ಮಗ್ಗ ಬೇಕಾಗಿತ್ತು, ಅದಕ್ಕೆ ಕಥೆ ಕಟ್ಟಿದ್ಲು" ಎಂದು ಕಂಡಕಂಡವರ ಹತ್ತಿರ ಹೇಳಿದಳು. ತಂಗಿ ಮನೆಗೆ ಬಂದರೆ ಬಾಗಿಲು ಹಾಕಿಕೊಂಡಳು. ತಂಗಿ ಬಂದು ಬಂದು ಕೊನೆಗೆ ಬರುವುದನ್ನು ಬಿಟ್ಟಳು. ಮಿಲ್ಲೂ ಮುಚ್ಚಿತು. ಎದುರುಬದುರಾಗುವ ಜಾಗವೇ ಇಲ್ಲದ ಹಾಗಾಯಿತು.

ಅಕ್ಕನ ಗಂಡ ಅದೇ ಮಿಲ್ಲಿನ ಮಡಿಕೆ ಕೋಣೆಯಲ್ಲಿದ್ದವರು. ನೇಯ್ದ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚುವ ಕೆಲಸ. ಮಗ್ಗದ ಸದ್ದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿನವರು ಲೈಬ್ರರಿಯಲ್ಲಿ ಕೂತವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಮಡಿಕೆಯವರು ಎನ್ನುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೂ ಕೈ ಸುಮ್ಮನಿರಲಿಲ್ಲ. ಟವೆಲು, ಹೊದಿಕೆ, ಓದಿ ಮುಗಿದ ಪೇಪರು, ಅಂಗಡಿಯಿಂದ ಬಂದ ಖಾಲಿ ಚೀಲ, ಎಲ್ಲ ಅವರ ಕೈಯಲ್ಲಿ ಮಡಿಕೆಯಾಗಿ ಕಪಾಟು ಸೇರುತ್ತಿತ್ತು. "ನನ್ನನ್ನೊಬ್ಬಳನ್ನ ಮಡಚಿಟ್ಟಿಲ್ಲ ನಿಮ್ಮಪ್ಪ" ಎಂದು ಅಕ್ಕ ಮಗನ ಹತ್ತಿರ ಹೇಳುತ್ತಿದ್ದಳು. ಮಾತನ್ನೂ ಮಡಚಿಟ್ಟುಕೊಳ್ಳುವ ಮನುಷ್ಯ ಎಂದು ಅವಳಿಗೆ ಒಳಗೊಳಗೇ ಬೇಸರ. ಊಟ ಆಯಿತೇ, ಬೀಗ ಎಲ್ಲಿ, ಇಷ್ಟೇ ಅವರ ಮಾತು ಎಂದುಕೊಂಡಿದ್ದಳು.

ಜಗಳವಾದ ಹೊಸದರಲ್ಲಿ ಒಮ್ಮೆ ಅವರು ಎದುರಿಗೆ ಬಂದು ತಂಗಿಯ ಮಾತೆತ್ತಿದ್ದರು. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ನನ್ನ ಕಿವಿ ಕೆಟ್ಟಿದೆ ಅಂದವಳು ಅವಳು. ನೀವು ನನ್ನ ಮಾತು ನಂಬ್ತೀರೋ, ಅವಳ ಮಾತು ನಂಬ್ತೀರೋ?"

"ನಿನ್ನ ಮಾತೇ ಕಣೇ" ಎಂದರು ಅವರು. ಅಂದಂತೆಯೇ ನಂಬಿದರು.

ಅವರು ನಂಬಿದ ಮೇಲೆ ಅಕ್ಕನಿಗೆ ಮನೆಯಲ್ಲೂ ಕಿವಿ ಕೇಳಲೇಬೇಕಾಯಿತು. ಬೆಳಕು ಎದುರಿನವರ ಮುಖಕ್ಕೆ ಬೀಳುವ ಹಾಗೆ ಕಿಟಕಿಗೆ ಬೆನ್ನು ಕೊಟ್ಟು ಕೂರುವಳು. ನಾಲ್ಕು ಜನ ಸೇರಿದಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡೆದು ನಗುವಳು. ಬಾಯಿ ಕಂಡರೆ ಹೂಂ ಎನ್ನುವಳು, ಕಾಣದಿದ್ದರೆ ಏನೋ ಯೋಚನೆಯಲ್ಲಿರುವವಳ ಹಾಗೆ ಇರುವಳು. ಮಿಲ್ಲಿನ ವಿದ್ಯೆ ಕೈಬಿಡಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಕೋಪ ಎನ್ನುವುದು ಒದ್ದೆ ಬಟ್ಟೆ, ಎಷ್ಟು ಕಾಲ ಒದ್ದೆಯಾಗಿಯೇ ಇದ್ದೀತು? ಅಕ್ಕನದೂ ಆರಿತು. ತಂಗಿ ಹೇಳಿದ್ದು ಸುಳ್ಳಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರಾದರೂ ಒಂದು ಮಾತು ಎತ್ತಲಿ, ಹೋಗೋಣ ಬಾ ಎನ್ನಲಿ, ಬೇಡ ಬೇಡ ಎಂದು ಎರಡು ಸಲ ಅಂದು ಮೂರನೆಯ ಸಲಕ್ಕೆ ಹೊರಟುಬಿಡುತ್ತೇನೆ ಎಂದು ಕಾದಳು. ತಾನಾಗಿ ಎತ್ತಲು ನಾಲಗೆ ಏಳಲಿಲ್ಲ. ಇಷ್ಟು ವರ್ಷದಲ್ಲಿ ಗಂಡ ಒಂದು ಸಲವಾದರೂ ಕೇಳಬಾರದೇ, ಕಲ್ಲು ನಾನಲ್ಲ, ಇವರು ಎಂದುಕೊಂಡಳು.

ಕೊನೆಗೆ ಗುಟ್ಟು ಒಡೆದದ್ದು ಮಗನಿಂದ. ಅವನು ಸಿಟಿ ಬಸ್ಸಿನ ಡ್ರೈವರು. ಒಂದು ಬೆಳಿಗ್ಗೆ ಮಾರ್ಕೆಟ್ಟಿನ ತಿರುವಿನಲ್ಲಿ ಯಾರೋ ಮುದುಕಿ ಕೈಚೀಲ ಹಿಡಿದು ಬಸ್ಸಿಗೆ ಅಡ್ಡ ನಡೆದಳು. ಹಾರ್ನ್ ಒತ್ತಿದ, ತಿರುಗಲಿಲ್ಲ. ಕೈ ಎತ್ತದೆ ಒತ್ತಿದ, ತಿರುಗಲಿಲ್ಲ. ಬ್ರೇಕು ಕಿರುಚಿ ಬಸ್ಸು ನಿಂತಾಗ ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅವನಿಗೆ ಸಹಸ್ರನಾಮ ಮಾಡಿದರು. ಮುದುಕಿ ಆಗ ತಿರುಗಿದಳು. ನೋಡಿದರೆ ಹೆತ್ತ ತಾಯಿ.

"ಇಡೀ ಊರು ನನ್ನ ಹಾರ್ನಿಗೆ ಶಾಪ ಹಾಕುತ್ತೆ. ನೀನೊಬ್ಬಳೇ ಅದನ್ನ ಲೆಕ್ಕಕ್ಕಿಡದವಳು!" ಎಂದು ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. ಮುಖ ಕಂಡಿದ್ದರಿಂದ ಅಕ್ಕನಿಗೆ ಅದು ಪೂರ್ತಿ ತಿಳಿಯಿತು.

ರಜೆಯ ದಿನ ಅವನು ಅವಳನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದ. ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆ. ಪರೀಕ್ಷೆ ಮಾಡುವ ಡಾಕ್ಟರಮ್ಮ ಎದುರು ಕೂತು ಒಂದೊಂದೇ ಮಾತು ಹೇಳಿದಳು, ಅಕ್ಕ ಒಂದನ್ನೂ ಬಿಡದೆ ತಿರುಗಿ ಒಪ್ಪಿಸಿದಳು. ಮಗ ತಬ್ಬಿಬ್ಬಾದ. ಆಗ ಡಾಕ್ಟರಮ್ಮ ಒಂದು ರಟ್ಟನ್ನು ತನ್ನ ಬಾಯಿಗೆ ಅಡ್ಡ ಹಿಡಿದಳು.

ಅಕ್ಕ ಸ್ವಲ್ಪ ಹೊತ್ತು ಕಾದು, "ಬಾಯಿ ಮುಚ್ಕೊಂಡ್ರೆ ಹೇಗಮ್ಮಾ ಕೇಳೋದು?" ಎಂದಳು.

ಡಾಕ್ಟರಮ್ಮ ನಗಲಿಲ್ಲ. ಮಗ ನಗಲು ಹೋಗಿ ನಡುವೆ ನಿಲ್ಲಿಸಿದ. ಅಮ್ಮನ ಜೊತೆ ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಎಷ್ಟು ಅವಳಿಗೆ ಮುಟ್ಟಿದ್ದವು ಎಂದು ಅವನು ಹಿಂದಕ್ಕೆ ಹೋಗಿ ಎಣಿಸುತ್ತಿದ್ದಂತೆ ಕಂಡಿತು.

ಕೇಳಿಸಲೆಂದು ಕೊಟ್ಟ ಕಿವಿಯ ಮಿಷನ್ನು ಹುರುಳಿಕಾಳಿನ ಗಾತ್ರದ್ದೇನೂ ಅಲ್ಲ, ಆದರೂ ಚಿಕ್ಕದು. ಕಿವಿಯ ಹಿಂದೆ ಕೂರುವಂಥದು, ಸಣ್ಣ ನಳಿಕೆ ಒಳಕ್ಕೆ ಇಳಿಯುತ್ತದೆ. ಕೂದಲಿನ ಗಂಟನ್ನು ಸ್ವಲ್ಪ ಕೆಳಕ್ಕೆ ಕಟ್ಟಿದರೆ ಯಾರಿಗೂ ಕಾಣದು ಎಂದು ಅಕ್ಕ ಕನ್ನಡಿಯಲ್ಲಿ ಮೊದಲು ನೋಡಿಕೊಂಡದ್ದೇ ಅದನ್ನು.

ಡಾಕ್ಟರಮ್ಮ ಅವಳ ಎದುರು ಬಂದು ಹೇಳಿದಳು. "ಅಮ್ಮಾ, ಇದು ಮೈಕ್ ಸೆಟ್ಟಲ್ಲ, ಎಲ್ಲಾನೂ ಒಂದೇ ಸಮ ಜೋರು ಮಾಡಲ್ಲ. ಜೋರಾಗಿರೋದನ್ನ ಅಷ್ಟಾಗಿ ಏರಿಸಲ್ಲ, ಮೆಲ್ಲಗಿರೋದನ್ನ ಹೆಚ್ಚು ಏರಿಸುತ್ತೆ. ಬಸ್ ಸ್ಟ್ಯಾಂಡಲ್ಲಿ, ಸಂತೇಲಿ ಹಾಕ್ಕೊಂಡು ಏನೂ ಪ್ರಯೋಜನ ಇಲ್ಲ ಅಂತ ಬೈಬೇಡಿ. ಅಲ್ಲಿ ಮಾತಿನ ಜೊತೆ ಗಲಾಟೆನೂ ಏರುತ್ತೆ. ಮೊದಲು ಮನೇಲಿ, ಸದ್ದಿಲ್ಲದ ಕೋಣೇಲಿ ಕೂತು ಅಭ್ಯಾಸ ಮಾಡಿ. ಪಿಸುಮಾತು ಕೇಳಿಸಿದ್ರೆ ಗಾಬರಿ ಆಗ್ಬೇಡಿ."

"ಯಾರು ಪಿಸುಗುಡ್ತಾರಮ್ಮ ನಮ್ಮನೇಲಿ? ಇರೋರು ನಾವು ಗಂಡ ಹೆಂಡ್ತಿ ಇಬ್ರೇ" ಎಂದಳು ಅಕ್ಕ.

ಮನೆಯ ಮೆಟ್ಟಿಲ ಹತ್ತಿರ ಮಗನ ತೋಳು ಹಿಡಿದು ನಿಲ್ಲಿಸಿದಳು. "ನಿಮ್ಮಪ್ಪನಿಗೆ ಹೇಳ್ಬೇಡ."

"ಯಾಕಮ್ಮಾ? ಇದೇನು ಕದ್ದ ಮಾಲಾ?"

"ಹೇಳ್ಬೇಡ ಅಂದ್ರೆ ಹೇಳ್ಬೇಡ ಅಷ್ಟೇ."

ಹೇಳಿದರೆ ತಂಗಿ ಗೆದ್ದಳು ಎಂದಾಗುತ್ತಿತ್ತು. ಆರಿದ ಕೋಪದ ಜಾಗದಲ್ಲಿ ಉಳಿದಿದ್ದು ಅಷ್ಟೇ, ಒಂದು ಬರೀ ಹಟ.

ಮನೆಯೊಳಗೆ ಕಾಲಿಟ್ಟರೆ ಅದು ಅವಳ ಮನೆಯೇ ಅಲ್ಲವೇನೋ ಎನಿಸಿತು. ಫ್ರಿಜ್ಜು ಗೊಣಗುತ್ತಿತ್ತು. ಗಡಿಯಾರ ನಾಲಗೆ ಚಪ್ಪರಿಸುತ್ತಿತ್ತು. ತನ್ನ ಚಪ್ಪಲಿಯೇ ಹಿಂದೆ ಯಾರೋ ಬಂದ ಹಾಗೆ ಸದ್ದು ಮಾಡಿ ಅವಳು ಎರಡು ಸಲ ತಿರುಗಿ ನೋಡಿದಳು. ಮಡಿಕೆಯವರು ಪೇಪರು ಮಡಚಿದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲೆಲ್ಲ ಒಮ್ಮೆಗೇ ಹರಿದಂತೆ ಕೇಳಿಸಿ ಬೆಚ್ಚಿದಳು. ಅವರು ತಲೆ ಎತ್ತಿ, "ಏನಾಯ್ತು?" ಎಂದರು. "ಏನಿಲ್ಲ, ನೊಣ" ಎಂದಳು.

ಮಾರನೆಯ ಬೆಳಿಗ್ಗೆ ಅವಳು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಹಿಂದೆ ಮೇಜಿನ ಹತ್ತಿರ ಮಡಿಕೆಯವರು ಒಣಗಿದ ಬಟ್ಟೆ ಮಡಚುತ್ತಿದ್ದರು. ಇಬ್ಬರ ಬೆಳಗೂ ಎಂದೂ ಹೀಗೆಯೇ. ಅವಳು ನಲ್ಲಿ ನಿಲ್ಲಿಸಿದಳು. ಕೋಣೆ ಸುಮ್ಮನಾಯಿತು. ಬಟ್ಟೆಯ ಮೇಲೆ ಅಂಗೈ ಎಳೆಯುವ ಸದ್ದು ಕೇಳಿಸಿತು, ಆಮೇಲೆ ದನಿ.

"ನಿನ್ನೆ ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿತ್ತು ಕಣೇ. ಆದ್ರೂ ತಿಂದೆ."

ಅಕ್ಕನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

"ಈ ಎಡಗಾಲಿನ ಮಂಡಿ ಮಾತ್ರ ನನ್ನ ಮಾತು ಕೇಳಲ್ಲ. ನಿನ್ನ ಹಾಗೇ." ಒಂದು ಸಣ್ಣ ನಗು. ಮತ್ತೆ ಅಂಗೈಯ ಸದ್ದು. ಎದುರು ಮನೆಯವರ ಬೆಕ್ಕು ಮರಿ ಹಾಕಿದ್ದು, ಪೇಪರಿನಲ್ಲಿ ಬಂದ ಯಾವುದೋ ಸೇತುವೆಯ ಸುದ್ದಿ, ಮಗ ಸಣ್ಣಗಾಗಿದ್ದಾನೆ ಎನ್ನುವುದು. ಮೆಲ್ಲನೆಯ ದನಿ, ಮಡಿಕೆ ಕೋಣೆಯ ದನಿ. ಒಂದಾದ ಮೇಲೊಂದು ಬಟ್ಟೆ ತೆಗೆದಂತೆ ಒಂದಾದ ಮೇಲೊಂದು ಮಾತು. ಮೂಗನ ಜೊತೆ ಬಾಳಿದೆ ಎಂದುಕೊಂಡಿದ್ದಳಲ್ಲ, ಈ ಮನುಷ್ಯ ಇಷ್ಟು ವರ್ಷ ಅವಳ ಬೆನ್ನಿಗೆ ಮಾತಾಡಿದ್ದ, ಬಾಯಿತುಂಬ!

ಆಮೇಲೆ ಅಂಗೈ ನಿಂತಿತು.

"ಚಿಕ್ಕವಳ ಮನೆ ಕಡೆ ಒಂದ್ಸಲ ಹೋಗಿ ಬರೋಣ್ವಾ?"

ಚಿಕ್ಕವಳು ಎಂದರೆ ತಂಗಿ. ಆ ಹೆಸರು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಅಲ್ಲ, ಅವಳು ಕೇಳಿಸಿಕೊಂಡು ಎಷ್ಟು ಕಾಲವಾಗಿತ್ತು. ಅವರು ಕಾದರು. ಅವಳ ಬೆನ್ನನ್ನೇ ನೋಡುತ್ತಿದ್ದಾರೆಂದು ನೋಡದೆಯೇ ತಿಳಿಯಿತು. ಗಡಿಯಾರ ಚಪ್ಪರಿಸಿತು. ಕೊನೆಗೆ ಒಂದು ಉಸಿರು.

"ಆಯ್ತು ಬಿಡು. ಬೇಡ ಅಂದ್ರೆ ಬೇಡ."

ಮತ್ತೆ ಅಂಗೈ ಬಟ್ಟೆಯ ಮೇಲೆ ಎಳೆಯತೊಡಗಿತು.

ಆ ದನಿಯಲ್ಲಿ ಹೊಸದೇನೂ ಇರಲಿಲ್ಲ. ಅದೇ ಅಕ್ಕನಿಗೆ ಚುಚ್ಚಿದ್ದು. ಇವತ್ತು ಹುಟ್ಟಿದ ಪ್ರಶ್ನೆಗೆ ಆ ದನಿ ಇರುವುದಿಲ್ಲ. ಕೇಳಿ ಕೇಳಿ ಸವೆದ, ಉತ್ತರ ಗೊತ್ತಿದ್ದೂ ಕೇಳುವ ದನಿ ಅದು. ಅವಳು ತಿರುಗಬೇಕಿತ್ತು. ತಿರುಗಿದರೆ, ಇದುವರೆಗೆ ಯಾಕೆ ತಿರುಗಲಿಲ್ಲ ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತಿತ್ತು. ಅವಳು ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಒಂದು ವಾರ ಹಾಗೆಯೇ ಹೋಯಿತು. ಬೆಳಿಗ್ಗೆಯಾದರೆ ಪಾತ್ರೆ ಇರಲಿ ಬಿಡಲಿ ಅಕ್ಕ ಸಿಂಕಿನ ಮುಂದೆ ನಿಲ್ಲುವಳು. ಪಲ್ಯಕ್ಕೆ ಉಪ್ಪು ಕಡಿಮೆ ಮಾಡಿದಳು. "ಇವತ್ತು ಸರಿಯಾಗಿದೆ" ಎಂದು ಬೆನ್ನಿಗೆ ಹೊಗಳಿಕೆ ಬಂತು. ಹೊಸದಾಗಿ ಮದುವೆಯಾದವಳ ಹಾಗೆ ಅವಳಿಗೆ ಕಿವಿ ಬಿಸಿಯಾಯಿತು, ಮಿಷನ್ನಿನ ಸಮೇತ. ನಾಳೆ ಕೇಳಿದರೆ ತಿರುಗುತ್ತೇನೆ ಎಂದು ದಿನಾ ಅಂದುಕೊಂಡಳು. ದಿನಾ ತಡೆದಳು.

ಒಂದು ಬೆಳಿಗ್ಗೆ ಅವರು ಉಪ್ಪಿನ ಮಾತೂ ಆಡಲಿಲ್ಲ, ಮಂಡಿಯ ಮಾತೂ ಆಡಲಿಲ್ಲ.

"ಮಾರ್ಕೆಟ್ಟಲ್ಲಿ ಚಿಕ್ಕವಳ ಮಗಳು ಸಿಕ್ಕಿದ್ಲು" ಎಂದರು. "ಚಿಕ್ಕವಳಿಗೆ ಮರೆವು ಹತ್ತಿದೆಯಂತೆ. ತೀರಾ ಹೆಚ್ಚಾಗಿದೆಯಂತೆ." ಬಟ್ಟೆಯ ಸದ್ದಿಲ್ಲ. "ಎಷ್ಟು ಸಲ ಕೇಳ್ದೆ ನಿನ್ನ. ಒಂದ್ಸಲನಾದ್ರೂ ಹೂಂ ಅನ್ನಬಾರದಾಗಿತ್ತಾ? ಇನ್ನು ಹೋಗಿ ತಾನೇ ಏನು..."

ಅಕ್ಕ ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಷ್ಟು ಸಲ ಕೇಳಿದ್ರಿ?"

ಮಡಿಕೆಯವರ ಕೈಯಿಂದ ಟವೆಲು ಜಾರಿ, ಮಡಿಕೆಯೆಲ್ಲ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ಯಾವಾಗಿಂದ ಕೇಳ್ತಿದ್ದೀರಿ ರೀ? ಹೇಳಿ!"

"ಯಾವಾಗಿಂದ ಅಂದ್ರೆ... ನೀನು ತಟ್ಟೆ ಕುಕ್ಕಿದ್ಯಲ್ಲ, ಅದಾದ ಮೇಲಿಂದ. ಎದುರಿಗೆ ಹೇಳೋಕೆ ಧೈರ್ಯ ಬರ್ತಿರಲಿಲ್ಲ. ನೀನು ಪಾತ್ರೆ ತೊಳೆಯೋವಾಗ ಕೈಯಲ್ಲಿ ಏನಾದ್ರೂ ಕೆಲಸ ಇರುತ್ತೆ, ಕೋಪ ಬಂದ್ರೂ ಸಲ್ಪ ಕಮ್ಮಿ ಬರುತ್ತೆ ಅಂತ ಹಿಂದಿನಿಂದ..." ಅವರು ನಿಲ್ಲಿಸಿದರು. "ನೀನು ಕೇಳಿಸ್ಕೊಂಡು ಸುಮ್ನೆ ಇರ್ತಿದ್ದೆ. ನಾನು ಬೇಡ ಅಂತ ಅರ್ಥ ಅಂದ್ಕೊಂಡೆ."

"ಕೇಳಿಸ್ತಾನೇ ಇರ್ಲಿಲ್ಲ ನಂಗೆ!"



ಅಕ್ಕ ಒದ್ದೆ ಕೈಯಲ್ಲೇ ಕೂದಲು ಎತ್ತಿ ಕಿವಿ ತೋರಿಸಿದಳು. "ಮೊನ್ನೆ ಮೊನ್ನೆ ಹಾಕಿಸ್ಕೊಂಡಿದ್ದು. ಅದಕ್ಕೆ ಮುಂಚೆ ನಿಮ್ಮ ಬಾಯಿ ಕಂಡ್ರೆ ಉಂಟು, ಇಲ್ದಿದ್ರೆ ಇಲ್ಲ. ಚಿಕ್ಕವಳು ಹೇಳಿದ್ದು ನಿಜ. ಅವತ್ತೇ ನಿಜ."

ಮಡಿಕೆಯವರು ಹತ್ತಿರ ಬಂದರು. ಕನ್ನಡಕ ಸರಿಮಾಡಿಕೊಂಡು ಆ ಮಿಷನ್ನನ್ನು ಬಟ್ಟೆಯ ಅಂಚು ನೋಡುವ ಹಾಗೆ ನೋಡಿದರು. ಬೈಯುತ್ತಾರೆ ಎಂದು ಅವಳು ಕಾದಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನ ಮಾತು ನಂಬಿದ್ದೆ ಕಣೇ" ಎಂದರು. ಅಷ್ಟೇ.

ಅಕ್ಕ ಬಗ್ಗಿ ನೆಲದ ಮೇಲಿದ್ದ ಟವೆಲು ಎತ್ತಿಕೊಟ್ಟಳು. "ಯಾಕ್ರೀ ಒಂದ್ಸಲ ಮುಂದೆ ಬಂದು ಕೇಳ್ಲಿಲ್ಲ?" ಎಂದಳು.

"ಒಂದ್ಸಲ ನೀನು ತಿರುಗಿದ್ರೆ ಸಾಕಾಗಿತ್ತು" ಎಂದರು ಅವರು.

ಆ ದಿನವೇ ಹೊರಟರು. ಮಗನ ಬಸ್ಸೇ ಸಿಕ್ಕಿತು. ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕಂಡು ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವರ ಮುಖ ನೋಡಿ ಗೇರು ಹಾಕಿದ. ಬಸ್ಸಿನ ಗದ್ದಲದಲ್ಲಿ ಮಿಷನ್ನು ಅಕ್ಕನಿಗೆ ಏನನ್ನೂ ಬಿಡಿಸಿ ಕೊಡಲಿಲ್ಲ, ಎಲ್ಲ ಸೇರಿ ಮಗ್ಗದ ಮನೆಯೇ ಆಗಿತ್ತು. ಪಕ್ಕದಲ್ಲಿ ಕೂತ ಮಡಿಕೆಯವರು ಮಾತಾಡುವಾಗೆಲ್ಲ ಅವಳ ಕಡೆಗೆ ಪೂರ್ತಿ ತಿರುಗಿ ಮುಖ ತೋರಿಸಿ ಮಾತಾಡಿದರು. ಅವರು ಹಾಗೆ ತಿರುಗಿದಾಗೆಲ್ಲ ಅಕ್ಕನಿಗೆ ಅಳು ಬಂತು. ಎಷ್ಟು ಸುಲಭದ ಕೆಲಸ!

ಸೇತುವೆ ದಾಟಿದರೆ ತಂಗಿಯ ಬೀದಿ. ಇಷ್ಟು ಹತ್ತಿರ. ಹೊರಗಿನ ಕೋಣೆಯಲ್ಲಿ ತಂಗಿಯ ಮಗಳು ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು. ಬಾಗಿಲಲ್ಲಿ ನಿಂತವರನ್ನು ನೋಡಿ ಅವಳ ಕಾಲು ನಿಂತಿತು.

"ದೊಡ್ಡಮ್ಮಾ?"

"ಹೂಂ ಕಣೇ" ಎಂದಳು ಅಕ್ಕ.

ಹುಡುಗಿ ಎದ್ದು ಬಂದು ಕೈ ಹಿಡಿದಳು. ದೂರಲಿಲ್ಲ. ಆದರೆ ಒಳಗೆ ಕರೆದುಕೊಂಡು ಹೋಗುತ್ತ ಒಂದು ಮಾತು ಬಾಯಿಗೆ ಬಂದುಬಿಟ್ಟಿತು. "ಹೋದ ವರ್ಷದ ತನಕ ಎಲ್ಲಾ ನೆನಪಿತ್ತು ದೊಡ್ಡಮ್ಮ. ಬಾಗಿಲು ತಟ್ಟಿದ್ರೆ ಸಾಕು, ಅಕ್ಕ ಬಂದ್ಲೇನೋ ನೋಡು ಅಂತಿದ್ರು. ಈಗ ನನ್ನನ್ನೇ ಗುರ್ತು ಹಿಡಿಯಲ್ಲ. ಹೊಸ ಹುಡುಗಿ, ಗಂಟು ಹಾಕೋಕೆ ಬರಲ್ಲ ಅಂತ ಬೈತಾರೆ. ಅವರಿಗೆ ದಿನವೆಲ್ಲ ಮಿಲ್ಲೇ."

ತಂಗಿ ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದಳು. ಹೊದಿಕೆಯ ಅಂಚನ್ನು ಬೆರಳುಗಳು ಒಂದೇ ಸಮ ತಡವುತ್ತಿದ್ದವು, ಹರಿದ ಎಳೆ ಹುಡುಕುವ ಹಾಗೆ. ಕೂದಲು ಅವಳದು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನ ಕಣ್ಣಿನಲ್ಲಿ ಅವಳು ಇನ್ನೂ ಕಪ್ಪು ಕೂದಲಿನವಳಾಗಿಯೇ ಇದ್ದಳು.

ತುಟಿ ಆಡುತ್ತಿತ್ತು. ಆದರೆ ಹಲ್ಲುಗಳು ಹೋಗಿ, ತುಟಿ ಒಳಕ್ಕೆ ಸರಿದು, ಅಲ್ಲಿ ಓದುವುದಕ್ಕೆ ಏನೂ ಉಳಿದಿರಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು.

"ಫ್ಯಾನ್ ಆರಿಸಮ್ಮಾ ಸಲ್ಪ" ಎಂದಳು ಅಕ್ಕ.

ಫ್ಯಾನು ನಿಂತಿತು. ಮೂರನೆಯವರಿಗೆ ಉಸಿರಿನಂತೆ ಕೇಳಿಸುತ್ತಿದ್ದುದು ಅಕ್ಕನಿಗೆ ಮಾತಾಗಿ ಕೇಳಿಸಿತು.

"ಅಲ್ಲಿ ನಿಲ್ಬೇಡಿ ಅಮ್ಮಾ" ಎನ್ನುತ್ತಿದ್ದಳು ತಂಗಿ. "ಅದು ನಮ್ಮಕ್ಕನ ಮಗ್ಗ. ನಾನು ಸುಮ್ನೆ ನೋಡ್ಕೊಳ್ತಿದ್ದೀನಿ. ಅವಳು ಬರ್ತಾಳೆ."

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ತಂಗಿಯ ಎದುರಿಗೇ ಮುಖ ಹಿಡಿದು, ಮಿಲ್ಲಿನಲ್ಲಿ ಆಡುತ್ತಿದ್ದ ಹಾಗೆ ತುಟಿ ಬಿಡಿಸಿ, ದನಿಯನ್ನೂ ಸೇರಿಸಿ ಹೇಳಿದಳು. "ಚಿಕ್ಕೀ, ನಾನೇ ಕಣೇ. ನಂಗೆ ಕೇಳ್ತಿರಲಿಲ್ಲ. ನೀನು ಹೇಳಿದ್ದು ನಿಜ. ನಾನೇ ಸುಳ್ಳು ಹೇಳ್ದೆ. ನೀನು ಮಗ್ಗಕ್ಕೆ ಆಸೆ ಪಟ್ಟವಳಲ್ಲ."

ತಂಗಿ ತಲೆ ಓರೆ ಮಾಡಿ ಕೇಳಿದಳು. ಯಾರದೋ ಮನೆಯ ಕಷ್ಟ ಕೇಳಿಸಿಕೊಂಡವಳ ಹಾಗೆ ಕನಿಕರದಿಂದ ಅಕ್ಕನ ಕೈ ತಟ್ಟಿದಳು.

"ಅಳಬೇಡಿ" ಎಂದಳು. "ಮೇಸ್ತ್ರಿ ನೋಡ್ತಾನೆ."

ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲ ಬೇಕೆಂದು ಯಾರು ಚಿಂತಿಸುತ್ತಾರೆ? ಅಕ್ಕ ಮೂಗು ಒರೆಸಿಕೊಂಡು ಎದ್ದಳು. ಮೂಲೆಯಲ್ಲಿದ್ದ ಹೂಜಿಯಿಂದ ತಂಗಿಗೆ ನೀರು ಬಗ್ಗಿಸಲು ಹೋದಳು. ಮಂಚಕ್ಕೆ ಅವಳ ಬೆನ್ನಾಯಿತು.

ಹಿಂದಿನಿಂದ ಏನೋ ಕೇಳಿಸಿತು. ಗಾಳಿಯ ಎಳೆಯೊಂದು ಬಾಗಿಲ ಸಂದಿಯಲ್ಲಿ ನುಸುಳಿದ ಹಾಗೆ, ತೆಳ್ಳಗೆ, ನಡುಗುತ್ತ. ಫ್ಯಾನಿನ ಸ್ವಿಚ್ಚಿನ ಹತ್ತಿರ ನಿಂತಿದ್ದ ತಂಗಿಯ ಮಗಳು ತಲೆ ಎತ್ತಲಿಲ್ಲ. ಬಾಗಿಲಲ್ಲಿದ್ದ ಮಡಿಕೆಯವರಿಗೂ ಕೇಳಿಸಿದಂತಿರಲಿಲ್ಲ. ಅಕ್ಕನ ಕಿವಿಯಲ್ಲಿ ಮಾತ್ರ ಅದು ಬೆಳೆಯಿತು.

ಅದು ಸಿಳ್ಳೆ.

ಅಕ್ಕ ಯಾಕೆ, ಏನು ಎನ್ನದೆ ಎಡಕ್ಕೆ ಸರಿದಳು. ಹೂಜಿ ವಾಲಿ ನೀರು ಚೆಲ್ಲಿತು. ಗೋಡೆಗೆ ಒತ್ತಿ ನಿಂತು ತಿರುಗಿ ನೋಡಿದಳು. ತಂಗಿಯ ಎರಡು ಬೆರಳು ಬೊಚ್ಚುಬಾಯಿಯಲ್ಲಿದ್ದವು. ಕಣ್ಣು ಗಾಬರಿಯಿಂದ ಅಗಲವಾಗಿತ್ತು. ಅಕ್ಕ ಸರಿದು ನಿಂತದ್ದನ್ನು ಕಂಡು ಆ ಕಣ್ಣು ಮೆಲ್ಲಗೆ ಇಳಿಯಿತು. ಬೆರಳು ಬಾಯಿಂದ ಹೊರಗೆ ಬಂದವು.

"ನಿಮಗಾದ್ರೂ ಕೇಳಿಸ್ತಲ್ಲಾ" ಎಂದಳು ತಂಗಿ ಆ ಉಸಿರಿನ ದನಿಯಲ್ಲಿ. "ನಮ್ಮಕ್ಕನಿಗೆ ಕೇಳಲ್ಲ. ಅದೇ ನಂಗೆ ಯೋಚ್ನೆ."

ಅಕ್ಕ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಕಾಲ ಕೆಳಗೆ ನೀರು ಹರಿದು ಹೊಸ್ತಿಲ ಕಡೆ ಹೋಯಿತು. ತಂಗಿ ಆಗಲೇ ಹೊದಿಕೆಯ ಅಂಚಿಗೆ ಮರಳಿದ್ದಳು, ಬೆರಳುಗಳು ಎಳೆ ಹುಡುಕತೊಡಗಿದ್ದವು.

ಸ್ವಲ್ಪ ಹೊತ್ತಾದ ಮೇಲೆ ಮಡಿಕೆಯವರು ಹಿಂದಿನಿಂದ ಮೆಲ್ಲಗೆ ಕೇಳಿದರು. "ಹೊರಡೋಣ್ವಾ?"

ಅಕ್ಕ ತಕ್ಷಣ ತಿರುಗಿದಳು.

"ನೀವು ಹೋಗಿ" ಎಂದಳು. "ಅವಳ ಅಕ್ಕ ಬರ್ತಾಳಂತೆ. ಅಲ್ಲೀ ತನಕ ನಾನು ಇಲ್ಲೇ ಇರ್ತೀನಿ."